ಮೀಟರ್ ಮಾತಾಡುತ್ತಿಲ್ಲ, ಪಿಎಲ್‌ಸಿ ಕೇಳುತ್ತಲೇ ಇದೆ

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂದು ಪಿಎಲ್‌ಸಿ (ಯಂತ್ರಗಳನ್ನು ನಡೆಸುವ, ಪ್ರೋಗ್ರಾಮ್ ಹಾಕಬಹುದಾದ ಕಂಟ್ರೋಲರ್) ಇದೆ. ಬೇರೆ ಬೇರೆ ಕಂಪನಿಯ ಮೂರು ಎನರ್ಜಿ ಮೀಟರ್, ಎರಡು ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್), ಡ್ರೈಯರ್‌ನ ಒಂದು ಟೆಂಪರೇಚರ್ ಕಂಟ್ರೋಲರ್ ಇಷ್ಟನ್ನೂ ಎ, ಬಿ ಎಂಬ ಎರಡು ತಂತಿಯ ಒಂದೇ ಆರ್‌ಎಸ್-485 ಕೇಬಲ್ಲಿಗೆ ಸೇರಿಸಿ, ಉಪಕರಣಗಳು ಪ್ರಶ್ನೆ-ಉತ್ತರ ನಡೆಸುವ ಮಾಡ್‌ಬಸ್ ಎಂಬ ಭಾಷೆಯಲ್ಲಿ ಓದುತ್ತಿದ್ದೇವೆ. ಎರಡು ಮೀಟರ್ ಉತ್ತರವನ್ನೇ ಕೊಡುವುದಿಲ್ಲ. ಮೂರನೆಯದರಲ್ಲಿ 230 ವೋಲ್ಟ್ ಬರಬೇಕಾದ ಕಡೆ 17254 ಬರುತ್ತದೆ. ಮೋಟಾರ್ ಓಡಿದರೆ ಕಂಟ್ರೋಲರ್ ಕೂಡ ಟೈಮ್‌ಔಟ್ (ಗಡುವಿನೊಳಗೆ ಉತ್ತರವಿಲ್ಲ).
– ಓದುಗರು, ಚಿಕ್ಕಮಗಳೂರು

ಉತ್ತರ: ಇಲ್ಲಿ ಮೂರು ಬೇರೆ ಬೇರೆ ದೋಷಗಳಿವೆ. ಪಿಎಲ್‌ಸಿ ಪ್ರೋಗ್ರಾಮಿನಲ್ಲಿ ಮೂರನ್ನೂ ಒಟ್ಟಿಗೆ ಹುಡುಕಿದರೆ ಯಾವುದೂ ಸಿಗುವುದಿಲ್ಲ.

17254ಕ್ಕೆ ಬೇಸರಪಡಬೇಡಿ, ಆ ಮೀಟರ್ ಸರಿಯಾಗಿಯೇ ಹೇಳುತ್ತಿದೆ. 230.0 ಎಂಬ ಫ್ಲೋಟ್ (ದಶಾಂಶವಿರುವ) ಸಂಖ್ಯೆ ಹೆಕ್ಸ್‌ನಲ್ಲಿ (16ರ ಮಾನದಲ್ಲಿ) 4366 0000. ಅದು 16 ಬಿಟ್‌ನ ಎರಡು ರಿಜಿಸ್ಟರುಗಳಲ್ಲಿ (ಮೀಟರ್‌ನ ಮೆಮೊರಿ ಖಾನೆಗಳಲ್ಲಿ) ಕೂರುತ್ತದೆ. ಮೊದಲನೆಯದನ್ನು ಮಾತ್ರ ಇಂಟಿಜರ್ (ಪೂರ್ಣಾಂಕ) ಎಂದು ಓದಿದರೆ 4366, ಅಂದರೆ ದಶಮಾನದಲ್ಲಿ 17254. ಎರಡು ರಿಜಿಸ್ಟರನ್ನೂ ಒಟ್ಟಿಗೆ ಓದಿ, 32 ಬಿಟ್ ರಿಯಲ್ (ಅಂದರೆ ಫ್ಲೋಟ್) ಎಂದು ತೆಗೆದುಕೊಳ್ಳಿ. ಆಗ ಸೊನ್ನೆ ಕಂಡರೆ ಎರಡು ರಿಜಿಸ್ಟರುಗಳು ಹಿಂದುಮುಂದಾಗಿವೆ ಎಂದರ್ಥ. ಅದಲುಬದಲು ಮಾಡಿದರೆ ಮುಗಿಯಿತು. ಕಂಟ್ರೋಲರ್‌ನ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ 40.0 ಡಿಗ್ರಿ ಎಂಬುದು 400 ಎಂದು ಬರುತ್ತದೆ, 10ರಿಂದ ಭಾಗಿಸಬೇಕು.

ಮೂಕ ಮೀಟರುಗಳ ವಿಷಯ. ಪೆಟ್ಟಿಗೆಯಿಂದ ತೆಗೆದ ಹೊಸ ಉಪಕರಣಗಳ ವಿಳಾಸ ಬಹುಮಟ್ಟಿಗೆ 1 ಆಗಿರುತ್ತದೆ. ಒಂದೇ ವಿಳಾಸದ ಎರಡು ಮೀಟರ್ ಒಟ್ಟಿಗೆ ಬಾಯಿಬಿಟ್ಟರೆ ಪಿಎಲ್‌ಸಿಗೆ ಕೇಳುವುದು ಬರೀ ಗದ್ದಲ. ಉಳಿದೆಲ್ಲವನ್ನೂ ಬಿಚ್ಚಿ. ಒಂದೇ ಮೀಟರನ್ನು ಯುಎಸ್‌ಬಿ-485 ಪರಿವರ್ತಕದ ಮೂಲಕ ಲ್ಯಾಪ್‌ಟಾಪಿಗೆ ಕೊಟ್ಟು ಓದಿ; ಅದು ಮಾತಾಡಿದ ಮೇಲೆ ಮುಂದಿನದು. ಪ್ರತಿಯೊಂದಕ್ಕೂ 1ರಿಂದ 247ರೊಳಗೆ ಬೇರೆ ವಿಳಾಸ ಕೊಡಿ. ಬಾಡ್ ರೇಟ್ (ಡೇಟಾ ಹೋಗುವ ವೇಗ), ಪ್ಯಾರಿಟಿ (ತಪ್ಪು ಪತ್ತೆಯ ಬಿಟ್), ಸ್ಟಾಪ್ ಬಿಟ್ (ಪ್ರತಿ ಬೈಟ್‌ನ ಕೊನೆಯ ಗುರುತು) ಈ ಮೂರೂ ಆರು ಉಪಕರಣಗಳಲ್ಲಿ ಮತ್ತು ಪಿಎಲ್‌ಸಿಯಲ್ಲಿ ಅಕ್ಷರಶಃ ಒಂದೇ ಇರಬೇಕು. ಒಂದು 9600 ಈವನ್, ಇನ್ನೊಂದು 9600 ನನ್ ಎಂದಿದ್ದರೆ ನಡೆಯದು. ಹಲವು ಮೀಟರುಗಳಲ್ಲಿ ಸೆಟ್ಟಿಂಗ್ ಬದಲಿಸಿದ ಮೇಲೆ ಪವರ್ ಆಫ್ ಮಾಡಿ ಆನ್ ಮಾಡಿದರಷ್ಟೇ ಅದು ಜಾರಿಗೆ ಬರುತ್ತದೆ.

ಆದರೂ ಉತ್ತರವಿಲ್ಲವೇ? ಎ, ಬಿ ತಂತಿಗಳನ್ನು ಅದಲುಬದಲು ಮಾಡಿ ನೋಡಿ, ಏನೂ ಸುಡುವುದಿಲ್ಲ. ಒಬ್ಬ ತಯಾರಕರ ಎ ಇನ್ನೊಬ್ಬರಿಗೆ ಬಿ. ಈ ಗೊಂದಲ ಹಳೆಯದು, ಹೋಗುವ ಲಕ್ಷಣವೂ ಇಲ್ಲ. ಟೈಮ್‌ಔಟ್ ಬದಲು ಎಕ್ಸೆಪ್ಷನ್ (ಉಪಕರಣವೇ ಕಳಿಸುವ ದೋಷಸಂಕೇತ) 02 ಬಂದರೆ ಸಂತೋಷಪಡಿ: ತಂತಿ, ವಿಳಾಸ, ಬಾಡ್ ಎಲ್ಲ ಸರಿಯಿದೆ, ರಿಜಿಸ್ಟರ್ ಸಂಖ್ಯೆ ಮಾತ್ರ ತಪ್ಪು. ಕೈಪಿಡಿಯಲ್ಲಿ 40001 ಎಂದಿದ್ದರೆ ತಂತಿಯ ಮೇಲೆ ಹೋಗುವ ವಿಳಾಸ 0. ಕೆಲವು ಪಿಎಲ್‌ಸಿ ಆ ಒಂದನ್ನು ತಾವೇ ಕಳೆಯುತ್ತವೆ, ಕೆಲವು ಕಳೆಯುವುದಿಲ್ಲ. 30001 ಎಂದು ಶುರುವಾಗಿದ್ದರೆ ಓದುವ ಆಜ್ಞೆಯಾಗಿ ಫಂಕ್ಷನ್ 03 ಅಲ್ಲ, 04 ಬಳಸಬೇಕು.

ಮೋಟಾರ್ ಓಡಿದಾಗ ಕೆಡುವುದು ಕೇಬಲ್ಲಿನ ಸಮಸ್ಯೆ. ಎಲ್ಲದರ ಪವರ್ ತೆಗೆದು ಎ–ಬಿ ನಡುವೆ ಮಲ್ಟಿಮೀಟರ್ ಇಡಿ. 60 ಓಮ್ ಆಸುಪಾಸು ಬಂದರೆ ಎರಡು ತುದಿಯಲ್ಲೂ ಇರಬೇಕಾದ 120 ಓಮ್ ರೆಸಿಸ್ಟರ್ ಇದೆ. 120 ಬಂದರೆ ಒಂದು ಕಡೆ ಇಲ್ಲ. 40 ಬಂದರೆ ನಡುವೆ ಯಾರೋ ಮೂರನೆಯದನ್ನು ಆನ್ ಮಾಡಿಟ್ಟಿದ್ದಾರೆ, ಬಹುಶಃ ಡ್ರೈವ್ ಒಳಗಿನ ಪುಟ್ಟ ಸ್ವಿಚ್. ಕೇಬಲ್ ಒಂದರಿಂದ ಒಂದಕ್ಕೆ ಸರಪಳಿಯಂತೆ ಹೋಗಬೇಕು. ಜಂಕ್ಷನ್ ಬಾಕ್ಸಿನಿಂದ ನಾಲ್ಕು ದಿಕ್ಕಿಗೆ ಕವಲೊಡೆಯಬಾರದು. ಹೆಣೆದ ಜೋಡಿಯ ಶೀಲ್ಡ್ ಕೇಬಲ್ ಬಳಸಿ, ಶೀಲ್ಡನ್ನು ಪಿಎಲ್‌ಸಿ ಕಡೆ ಮಾತ್ರ ಅರ್ಥ್ ಮಾಡಿ, ಉಪಕರಣಗಳ ಕಾಮನ್ ಟರ್ಮಿನಲ್‌ಗೆ ಪ್ರತ್ಯೇಕ ಮೂರನೇ ತಂತಿ ಎಳೆಯಿರಿ. ಡ್ರೈವ್‌ನಿಂದ ಮೋಟಾರಿಗೆ ಹೋಗುವ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಮಲಗಿಸಬೇಡಿ. ದಾಟಲೇಬೇಕಾದರೆ ಅಡ್ಡಡ್ಡ, 90 ಡಿಗ್ರಿಯಲ್ಲಿ ದಾಟಿಸಿ.

ಇನ್ನೊಂದು ಮಾತು. 9600ರಲ್ಲಿ ಹತ್ತು ರಿಜಿಸ್ಟರ್ ಓದಲು ಪ್ರಶ್ನೆ-ಉತ್ತರ ಸೇರಿ ತಂತಿಯ ಮೇಲೆ ಹಿಡಿಯುವುದು 40 ಮಿಲಿಸೆಕೆಂಡಿನೊಳಗೆ. ಟೈಮ್‌ಔಟನ್ನು 1 ಸೆಕೆಂಡ್, ಮರುಪ್ರಯತ್ನ 3 ಎಂದಿಟ್ಟರೆ ಒಂದು ಮೀಟರ್ ಸತ್ತಾಗ ಪ್ರತಿ ಸುತ್ತಿನಲ್ಲೂ 4 ಸೆಕೆಂಡ್ ಹಾಳು. 300 ಮಿಲಿಸೆಕೆಂಡ್, ಮರುಪ್ರಯತ್ನ 1 ಸಾಕು.

ಪ್ರಶ್ನೆ: ತೆಂಗಿನಪುಡಿ ಘಟಕದ ಕನ್ವೇಯರ್ ಡ್ರೈವ್‌ಗೆ ಪಿಎಲ್‌ಸಿಯಿಂದ ವೇಗ, ಆಕ್ಸಿಲರೇಷನ್ ಸಮಯ ಎರಡನ್ನೂ ಸತತ ಬರೆಯುತ್ತೇವೆ. ಕೆಲವು ವಾರದಲ್ಲೇ ಡ್ರೈವ್ ಮೆಮೊರಿ ದೋಷ ತೋರಿಸಿತು.
– ಓದುಗರು, ಅರಸೀಕೆರೆ

ಉತ್ತರ: ವೇಗದ ಕಮಾಂಡ್ ರಿಜಿಸ್ಟರ್ ಸಾಮಾನ್ಯವಾಗಿ ರ‍್ಯಾಮ್‌ನಲ್ಲಿರುತ್ತದೆ (ತಾತ್ಕಾಲಿಕ ಮೆಮೊರಿ), ಎಷ್ಟು ಸಲ ಬರೆದರೂ ತೊಂದರೆಯಿಲ್ಲ. ಆಕ್ಸಿಲರೇಷನ್ ಪ್ಯಾರಾಮೀಟರ್ ಇಇಪ್ರಾಮ್‌ಗೆ (ಪವರ್ ಹೋದರೂ ಉಳಿಯುವ ಮೆಮೊರಿಗೆ) ಹೋಗುತ್ತಿರಬಹುದು. ಅದರ ಆಯುಸ್ಸು 1 ಲಕ್ಷ ಬರಹ ಎಂದಿಟ್ಟುಕೊಂಡರೆ ಸೆಕೆಂಡಿಗೊಂದರಂತೆ 28 ಗಂಟೆಗೇ ತೀರಿತು. ಮೌಲ್ಯ ಬದಲಾದಾಗ ಮಾತ್ರ ಬರೆಯಿರಿ. ಕೆಲವು ಡ್ರೈವ್‌ಗಳಲ್ಲಿ ಒಂದೇ ಪ್ಯಾರಾಮೀಟರಿಗೆ ರ‍್ಯಾಮ್‌ಗೊಂದು, ಇಇಪ್ರಾಮ್‌ಗೊಂದು ವಿಳಾಸ ಇರುತ್ತದೆ, ಕೈಪಿಡಿ ನೋಡಿ. ಹಾಗೆಯೇ ಸಂಪರ್ಕ ಕಡಿದಾಗ ಡ್ರೈವ್ ಏನು ಮಾಡಬೇಕೆಂಬ ಸೆಟ್ಟಿಂಗನ್ನೂ ಈಗಲೇ ನೋಡಿಕೊಳ್ಳಿ. ಅದು ಆಫ್ ಇದ್ದರೆ ತಂತಿ ಕಿತ್ತರೂ ಕನ್ವೇಯರ್ ಕೊನೆಯ ವೇಗದಲ್ಲೇ ಓಡುತ್ತಿರುತ್ತದೆ. ಎಮರ್ಜೆನ್ಸಿ ಸ್ಟಾಪನ್ನಂತೂ ಮಾಡ್‌ಬಸ್ ಮೇಲೆ ಬಿಡಲೇಬಾರದು; ಅದಕ್ಕೆ ನೇರ ತಂತಿಯೇ ಬೇಕು.

ಪ್ರಶ್ನೆ: ಹಾಲು ಶೀತಲೀಕರಣ ಕೇಂದ್ರದಲ್ಲಿ ಮೀಟರ್‌ನ 485 ತಂತಿಯನ್ನು ನೆಟ್‌ವರ್ಕಿಗೆ ಜೋಡಿಸುವ ಈಥರ್ನೆಟ್ ಗೇಟ್‌ವೇ ಹಾಕಿದ್ದೇವೆ. ಪಿಂಗ್ (ನೆಟ್‌ವರ್ಕಿನಲ್ಲಿ ತಲುಪುತ್ತದೆಯೇ ಎಂಬ ಪರೀಕ್ಷೆ) ಆಗುತ್ತದೆ, ಡೇಟಾ ಬರುವುದಿಲ್ಲ.
– ಓದುಗರು, ಹಾಸನ

ಉತ್ತರ: ಪಿಂಗ್‌ಗೆ ಉತ್ತರ ಕೊಡುವುದು ಗೇಟ್‌ವೇ, ಅದರ ಹಿಂದಿನ ಮೀಟರ್ ಅಲ್ಲ. ಮಾಡ್‌ಬಸ್‌ನ ಪೋರ್ಟ್ 502 ಇದೆಯೇ, ಪಿಎಲ್‌ಸಿಯ ಯೂನಿಟ್ ಐಡಿಯಲ್ಲಿ ಮೀಟರ್‌ನ ವಿಳಾಸವನ್ನೇ ಬರೆದಿದ್ದೀರಾ ನೋಡಿ. ಪಿಎಲ್‌ಸಿಯ ಟೈಮ್‌ಔಟ್ ಗೇಟ್‌ವೇಯದಕ್ಕಿಂತ ಹೆಚ್ಚಿರಬೇಕು. ಎಕ್ಸೆಪ್ಷನ್ 11 ಬಂದರೆ ಗೇಟ್‌ವೇ ಕೇಳಿತು, ಮೀಟರ್ ಉತ್ತರಿಸಲಿಲ್ಲ. ಮೇಲಿನ 485 ಪರೀಕ್ಷೆಗಳಿಗೆ ಮರಳಿ.

ಪ್ರಶ್ನೆ: ಪಂಪ್‌ಹೌಸ್ ಪಲ್ಪರ್ ಶೆಡ್ಡಿನಿಂದ 400 ಮೀಟರ್ ದೂರ, ನಡುವೆ 485 ತಂತಿ ಇದೆ. ಮಳೆ ಶುರುವಾದಾಗ ಎರಡು ಸಲ ಪೋರ್ಟ್ ಸುಟ್ಟಿದೆ.
– ಓದುಗರು, ಸಕಲೇಶಪುರ

ಉತ್ತರ: ದೂರ ಸಮಸ್ಯೆಯಲ್ಲ, 9600ರಲ್ಲಿ 485 ಅಷ್ಟು ದೂರ ಧಾರಾಳವಾಗಿ ಹೋಗುತ್ತದೆ. ಅಶ್ವಿನಿ, ಭರಣಿ ಮಳೆಯ ಸಿಡಿಲಿಗೆ ಎರಡು ಕಟ್ಟಡಗಳ ಅರ್ಥ್ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಅದು ನಿಮ್ಮ ತಾಮ್ರದ ತಂತಿಯನ್ನೇ ದಾರಿ ಮಾಡಿಕೊಳ್ಳುತ್ತದೆ. ಐಸೊಲೇಟೆಡ್ ರಿಪೀಟರ್ (ಎರಡು ಬದಿಯ ವಿದ್ಯುತ್ ಸಂಪರ್ಕ ಬೇರ್ಪಡಿಸಿ ಸಂಕೇತ ಮಾತ್ರ ದಾಟಿಸುವ ಸಾಧನ) ಮತ್ತು ಎರಡೂ ತುದಿಗೆ ಸರ್ಜ್ ಅರೆಸ್ಟರ್ ಹಾಕಿದರೆ ಹಾನಿ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ 485ನಿಂದ ಫೈಬರ್‌ಗೆ ಬದಲಿಸುವ ಒಂದು ಜೋಡಿ ಕನ್ವರ್ಟರ್ ಕೊಳ್ಳಿ. ಕೇಬಲ್ ಆರಿಸುವಾಗ ಒಳಗೆ ಉಕ್ಕಿನ ತಂತಿಯಾಗಲಿ ಕವಚವಾಗಲಿ ಇಲ್ಲದ್ದನ್ನೇ ಕೇಳಿ. ಇಲ್ಲವಾದರೆ ಸಿಡಿಲಿಗೆ ಹಳೆಯ ದಾರಿಯನ್ನೇ ಹೊಸದಾಗಿ ಹಾಕಿಕೊಟ್ಟಂತೆ.