ಓದುಗರ ಪ್ರಶ್ನೆ, ನಮ್ಮ ಉತ್ತರ: ಅಜ್ಜನ ಕಾಲದ ಸಣ್ಣ ಕೋವಿ

ಪ್ರಶ್ನೆ: ನಮ್ಮ ಅಜ್ಜ ತೀರಿಕೊಂಡ ಮೇಲೆ ಅವರ ಒಂಟಿ ನಳಿಗೆಯ .410 ಕೋವಿಯನ್ನು ಡೀಲರ್ ಬಳಿ ಠೇವಣಿ ಇಟ್ಟಿದ್ದೇವೆ. ಬೋಲ್ಟ್ ಎಳೆದು ಒಂದೊಂದೇ ತೋಟೆ ಹಾಕುವ ಹಳೆಯ ಕೋವಿ ಅದು. "ಅದು ಮಕ್ಕಳ ಕೋವಿ, ಮಾರಿಬಿಟ್ಟು ಹನ್ನೆರಡು ಬೋರಿನ ಜೋಡುನಳಿಗೆ ತೆಗೆದುಕೊ" ಎಂದು ಚಿಕ್ಕಪ್ಪ ಒತ್ತಾಯಿಸುತ್ತಿದ್ದಾರೆ. ನನಗೆ ಬಿಡಲು ಮನಸ್ಸಿಲ್ಲ. ಆದರೆ ಏಕೆಂದು ಕೇಳಿದರೆ ಹೇಳಲು ಬಾರದು. ಇಂಥ ಕೋವಿಯಲ್ಲಿ ನಿಜವಾಗಿ ಏನಾದರೂ ಇದೆಯೇ?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ನಿಮ್ಮ ಚಿಕ್ಕಪ್ಪನವರ ಮಾತಿನಲ್ಲಿ ಲೆಕ್ಕದ ಮಟ್ಟಿಗೆ ಸತ್ಯವಿದೆ. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮನಾದ ಗುಂಡುಗಳನ್ನು ಎರಕ ಹೊಯ್ದರೆ ಅದರಲ್ಲೊಂದು ಸರಿಯಾಗಿ ಹಿಡಿಸುವ ನಳಿಗೆಯೇ 12 ಬೋರ್. ಅದರ ಒಳವ್ಯಾಸ ಸುಮಾರು 18.5 ಮಿಲಿಮೀಟರ್. .410ಕ್ಕೆ ಮಾತ್ರ ಈ ಸೀಸದ ಲೆಕ್ಕ ಅನ್ವಯಿಸುವುದಿಲ್ಲ. ಅದರ ಹೆಸರೇ ಅಂಗುಲದಲ್ಲಿ ಅಳೆದ ಒಳವ್ಯಾಸ, ಅಂದರೆ ಸುಮಾರು 10.4 ಮಿಲಿಮೀಟರ್. ಸಾಮಾನ್ಯ 12 ಬೋರಿನ ತೋಟೆಯಲ್ಲಿ ಸುಮಾರು 32 ಗ್ರಾಂ ಚರೆ, ಅಂದರೆ ಸಣ್ಣ ಸೀಸದ ಗುಂಡುಗಳು, ಇದ್ದರೆ, ಎರಡೂವರೆ ಅಂಗುಲದ .410 ತೋಟೆಯಲ್ಲಿ ಇರುವುದು ಸುಮಾರು 14 ಗ್ರಾಂ ಮಾತ್ರ. ಇಪ್ಪತ್ತೈದು ಗಜ ದಾಟಿದ ಮೇಲೆ ಅಷ್ಟು ಚರೆ ಚದುರಿ ತೆಳುವಾಗುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ಕೈತೋಟದ ಕೋವಿ, ಹುಡುಗರ ಮೊದಲ ಕೋವಿ ಎಂದು ಕರೆದದ್ದೂ ಉಂಟು.

ಆದರೆ ನನ್ನ ದೃಷ್ಟಿಯಲ್ಲಿ ಈ ಕೊರತೆಯೇ ಅದರ ಆಕರ್ಷಣೆಯ ಬೇರು. ಜೋಡುನಳಿಗೆಯನ್ನು ಹಿಡಿದವನಿಗೆ ಮೊದಲನೆಯ ಈಡು ತಪ್ಪಿದರೂ ಎರಡನೆಯದು ಇದೆ ಎಂಬ ಧೈರ್ಯ ಇರುತ್ತದೆ. ಒಂದೇ ತೋಟೆಯ ಸಣ್ಣ ಕೋವಿ ಹಿಡಿದವನು ದೂರವನ್ನು ಅಳೆಯಬೇಕು, ಗುರಿಯ ಹಿಂದೆ ಏನಿದೆಯೆಂದು ನೋಡಬೇಕು, ಅನುಮಾನ ಬಂದರೆ ಕೋವಿ ಇಳಿಸಬೇಕು. ಅಡಿಕೆ ಮರಗಳ ಸಾಲಿನಾಚೆ ಕೊನೆಗಾರ ಇರಬಹುದು, ಸೊಪ್ಪು ತರಲು ಹೋದವರು ಇರಬಹುದು ಎಂಬ ಎಚ್ಚರ ಬೇಕಾದ ನಮ್ಮ ಕಡೆ ಈ ಶಿಸ್ತು ಸಣ್ಣ ವಿಷಯವಲ್ಲ. ಒದೆತ ಬಹಳ ಕಡಿಮೆಯಾದ್ದರಿಂದ ಹೆಗಲು ಬೆದರುವುದಿಲ್ಲ, ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಹೀಗಾಗಿ ಕಲಿಯುವವರ ಕೈ ಬೇಗ ಸ್ಥಿರವಾಗುತ್ತದೆ.

ಎರಡನೆಯದು ಅದರ ಯಂತ್ರ. ಬಾಗಿಲಿನ ಚಿಲಕವನ್ನು ಎತ್ತಿ ಹಿಂದಕ್ಕೆ ಎಳೆಯುವಂತೆ ಬೋಲ್ಟಿನ ಹಿಡಿಯನ್ನು ಎತ್ತಿ ಎಳೆದರೆ ಖಾಲಿ ತೋಟೆ ಹೊರಬೀಳುತ್ತದೆ. ಹೊಸದನ್ನಿಟ್ಟು ಮುಂದೆ ತಳ್ಳಿ ಹಿಡಿಯನ್ನು ಕೆಳಗಿಳಿಸಿದರೆ ಬೀಗ ಬೀಳುತ್ತದೆ. ಜರ್ಮನಿಯ ಮೌಸರ್ ರೈಫಲ್ಲುಗಳಿಂದ ಜಗತ್ತಿಗೆಲ್ಲ ಪರಿಚಯವಾದ ಈ ವಿಧಾನವನ್ನು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್, ಅಮೆರಿಕದ ಮಾಸ್‌ಬರ್ಗ್ ಮೊದಲಾದವರು ಅಗ್ಗದ ಚರೆ ಕೋವಿಗಳಿಗೂ ತಂದರು. ಬಹುತೇಕ ಜೋಡುನಳಿಗೆಗಳಲ್ಲಿ ತೋಟೆಯನ್ನು ಸಿಡಿಸಲು ಬಡಿಯುವ ಕುದುರೆ, ಸ್ಪ್ರಿಂಗುಗಳೆಲ್ಲ ಒಳಗೆ ಅಡಗಿರುತ್ತವೆ. ಇಲ್ಲಿ ಹಾಗಲ್ಲ. ಇಂಥ ಬಹುತೇಕ ಕೋವಿಗಳಲ್ಲಿ ಯಾವ ಹತಾರವೂ ಇಲ್ಲದೆ ಬೋಲ್ಟನ್ನು ಪೂರ್ತಿ ಹೊರತೆಗೆದು, ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟು, ಆಚೆಯ ಬೆಳಕನ್ನು ನೋಡಬಹುದು. ತಾನು ಇಟ್ಟುಕೊಂಡ ವಸ್ತು ಹೇಗೆ ಕೆಲಸ ಮಾಡುತ್ತದೆಂದು ಕಣ್ಣಾರೆ ತಿಳಿದಿರುವುದರಲ್ಲಿ ಒಂದು ತೃಪ್ತಿಯಿದೆ. ನಿಮ್ಮ ಅಜ್ಜ ಪ್ರತಿ ಆಯುಧಪೂಜೆಗೆ ಅದನ್ನು ಬಿಚ್ಚಿ ಒರೆಸಿ ಕುಂಕುಮ ಇಟ್ಟಿದ್ದನ್ನು ನೀವು ಬಾಲ್ಯದಲ್ಲಿ ನೋಡಿದ್ದರೆ, ಹೇಳಲು ಬಾರದ ಆ ಕಾರಣ ಬಹುಶಃ ಅಲ್ಲಿಯೇ ಇದೆ. ಬೋಲ್ಟನ್ನು ಬೇರೆಡೆ ಬೀಗ ಹಾಕಿ ಇಟ್ಟರೆ ಉಳಿದದ್ದು ಬರೀ ಕೊಳವೆ ಮತ್ತು ಮರ. ಮಕ್ಕಳಿರುವ ಮನೆಗೆ ಇದು ದೊಡ್ಡ ಅನುಕೂಲ.

ನಿಮ್ಮದು ವಿದೇಶದ್ದಲ್ಲದೆ ನಮ್ಮ ದೇಶದ್ದೇ ಆಗಿರುವ ಸಾಧ್ಯತೆಯೂ ಇದೆ. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ .303 ಲೀ-ಎನ್‌ಫೀಲ್ಡ್ ರೈಫಲ್ಲುಗಳನ್ನೇ ಗುಂಡನ್ನು ತಿರುಗಿಸುವ ಒಳಗೀರು ಇಲ್ಲದ .410 ನಳಿಗೆಗೆ ಮಾರ್ಪಡಿಸಿ, ಒಂದೇ ತೋಟೆಯ ಮಸ್ಕೆಟ್ ಮಾಡಿ, ಪೊಲೀಸ್ ಮತ್ತು ಕಾವಲು ಪಡೆಗಳಿಗೆ ಕೊಡುತ್ತಿದ್ದರು. ಅವಕ್ಕೆ ಬಳಸುತ್ತಿದ್ದದ್ದು .303 ತೋಟೆಯ ಹಿತ್ತಾಳೆ ಕೋಶವನ್ನೇ ಕತ್ತು ಕಿರಿದಾಗಿಸದೆ ಮಾಡಿದ ಬೇರೆಯೇ ತೋಟೆ. ಆದ್ದರಿಂದ ಹೆಸರು ಒಂದೇ ಎಂಬ ಕಾರಣಕ್ಕೆ ಅಂಗಡಿಯ .410 ತೋಟೆಯನ್ನು ಅದರೊಳಗೆ ಒತ್ತಿ ತುರುಕಬಾರದು. ಇನ್ನೊಂದು ಎಚ್ಚರ ಎಲ್ಲ .410 ಕೋವಿಗಳಿಗೂ ಸಂಬಂಧಿಸಿದ್ದು. ತೋಟೆಯ ಉದ್ದವನ್ನು ಹೇಳುವುದು ಅದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಅಳತೆಯಲ್ಲಿ. ಹೀಗಾಗಿ ಮೂರು ಅಂಗುಲದ ತೋಟೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಎರಡೂವರೆ ಅಂಗುಲದ ಕೋಣೆಯೊಳಗೆ ಸರಾಗವಾಗಿಯೇ ಕೂರಬಹುದು; ಸಿಡಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಕೋಣೆಯನ್ನು ಅಳೆಸಿ, ಬೋಲ್ಟಿನ ಮೇಲಿನ ಸಂಖ್ಯೆಯೂ ಕೋವಿಯ ಸಂಖ್ಯೆಯೂ ಒಂದೇ ಇದೆಯೇ ಎಂದು ನೋಡಿಸಿದ ಹೊರತು ಒಂದು ಈಡನ್ನೂ ಹಾರಿಸಬೇಡಿ. ತೋಟೆಯ ವಿಚಾರದಲ್ಲಿ ಚಿಕ್ಕಪ್ಪನವರ ಪರವಾಗಿಯೂ ಒಂದು ಮಾತು: ನಮ್ಮ ಕಡೆಯ ಅಂಗಡಿಗಳಲ್ಲಿ 12 ಬೋರಿನದು ಸಿಕ್ಕಷ್ಟು ಸುಲಭವಾಗಿ .410 ಸಿಗುವುದಿಲ್ಲ.

ಕಾಗದಪತ್ರದ ದಾರಿ ಕಷ್ಟದ್ದಲ್ಲ. 2016ರ ಆಯುಧ ನಿಯಮಗಳ 25ನೆಯ ನಿಯಮದಂತೆ, ಪರವಾನಗಿದಾರರು ತೀರಿಕೊಂಡಾಗ ಕಾನೂನುಬದ್ಧ ವಾರಸುದಾರರು ಆ ಕೋವಿಗಾಗಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಚಿಕ್ಕಪ್ಪನವರ ಮನಸ್ಸನ್ನು ಮೊದಲು ಒಲಿಸಿಕೊಳ್ಳಿ ಎಂದು ಹೇಳುವುದು ಅದಕ್ಕಾಗಿಯೇ. ಠೇವಣಿಯಿಂದ ಕೋವಿ ಮನೆಗೆ ಬರುವುದು ಪರವಾನಗಿ ನಿಮ್ಮ ಹೆಸರಿಗೆ ಆದ ಮೇಲೆ ಮಾತ್ರ. ಪರವಾನಗಿ ಕೈಗೆ ಬಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೆಯೇ ಇರುತ್ತದೆ. ಷಿಕಾರಿಯ ಆಸೆಯಿಂದ ಇದನ್ನು ಇಟ್ಟುಕೊಳ್ಳುವುದಾದರೆ ನನ್ನ ಸಲಹೆ ಬೇಡವೆಂದೇ.

ಪ್ರಶ್ನೆ: ನನ್ನ ಹಳೆಯ .410 ಕೋವಿಯ ನಳಿಗೆಯ ತುದಿ ತುಕ್ಕು ತಿಂದಿದೆ. ನಾಲ್ಕು ಅಂಗುಲ ಕತ್ತರಿಸಿ ಅರ ಹಾಕಿಕೊಡುತ್ತೇನೆ ಎಂದು ಊರಿನ ಆಚಾರಿ ಹೇಳುತ್ತಿದ್ದಾರೆ. ಮಾಡಿಸಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಖಂಡಿತ ಬೇಡ. ಅನುಮತಿಯಿಲ್ಲದೆ ಕೋವಿಯ ನಳಿಗೆಯನ್ನು ಮೊಟಕು ಮಾಡುವುದು 1959ರ ಆಯುಧ ಕಾಯ್ದೆಯ 6ನೆಯ ಕಲಮಿನಂತೆ ಅಪರಾಧ. ಅದಲ್ಲದೆ ಚರೆಯನ್ನು ಒತ್ತಟ್ಟಿಗೆ ಹಿಡಿದಿಡುವ ಕಿರಿದು, ಅಂದರೆ ಚೋಕ್, ಇರುವುದೇ ಆ ತುದಿಯಲ್ಲಿ. ಅದನ್ನು ಕತ್ತರಿಸಿದರೆ ಮೊದಲೇ ಕಡಿಮೆಯಿರುವ ಚರೆ ಹತ್ತಿರದಲ್ಲೇ ಚದುರಿಹೋಗುತ್ತದೆ.

ಪ್ರಶ್ನೆ: ಆಗುಂಬೆಯ ಹತ್ತಿರ ನಮ್ಮ ಮನೆ. ಮಳೆಗಾಲದಲ್ಲಿ ಹಳೆಯ ಕೋವಿಯನ್ನು ಹೇಗೆ ಕಾಪಾಡುವುದು?
— ಓದುಗರೊಬ್ಬರು

ಉತ್ತರ: ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಕೋವಿಗೆ ಗಾಳಿಯೇ ಶತ್ರು. ಒಳ್ಳೆಯ ಚರ್ಮದ ಚೀಲದಲ್ಲಿಟ್ಟರೆ ಸುರಕ್ಷಿತವೆಂದು ನಂಬಿ ನಾನು ಒಂದು ಮಳೆಗಾಲ ಪೂರ್ತಿ ನಮ್ಮ ತಂದೆಯವರ ಕೋವಿಯನ್ನು ಹಾಗೆಯೇ ಬಿಟ್ಟಿದ್ದೆ. ನವರಾತ್ರಿಗೆ ತೆಗೆದು ನೋಡಿದರೆ ಚರ್ಮ ಹೀರಿಟ್ಟುಕೊಂಡ ತೇವ ನಳಿಗೆಯ ಮೈಮೇಲೆ ಸಾಸಿವೆಯಷ್ಟು ಗಾತ್ರದ ಕುಳಿಗಳನ್ನು ಕೊರೆದಿತ್ತು. ಆ ಕುಳಿಗಳು ಈಗಲೂ ಇವೆ. ಅವುಗಳ ಮೇಲೆ ಬೆರಳಾಡಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚೀಲ, ಬಟ್ಟೆ, ಫೆಲ್ಟ್ ಯಾವುದನ್ನೂ ಸುತ್ತದೆ, ಬೀಗವಿರುವ ಒಣ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ನಿಲ್ಲಿಸಿ. ನಳಿಗೆಯ ಬಾಯಿ ಕೆಳಗಿರಲಿ. ಮೇಲಿದ್ದರೆ ಎಣ್ಣೆ ಇಳಿದು ಹಿಂಬದಿಯ ಮರಕ್ಕೆ ಹಿಡಿದು ಮರ ಮೆದುವಾಗುತ್ತದೆ. ಆಷಾಢದಿಂದ ಭಾದ್ರಪದದವರೆಗೆ ಹದಿನೈದು ದಿನಕ್ಕೊಮ್ಮೆಯಾದರೂ ಬೋಲ್ಟನ್ನು ಹೊರತೆಗೆದು, ನಳಿಗೆಯೊಳಗೆ ಒಣಬಟ್ಟೆ ಎಳೆದು, ತೆಳುವಾಗಿ ಕೋವಿ ಎಣ್ಣೆ ಸವರಿ.

ನಮ್ಮ ಹಿರಿಯರು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಏನೂ ಹಚ್ಚದಿರುವುದಕ್ಕಿಂತ ಅದು ಮೇಲು ಎಂಬುದು ನಿಜ. ಆದರೆ ಧನುರ್ಮಾಸದ ಚಳಿಗೆ ಅದು ಬೋಲ್ಟಿನೊಳಗೆ ಹೆಪ್ಪುಗಟ್ಟಿ, ತೋಟೆಯ ಕೇಪನ್ನು ಹೊಡೆಯುವ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಕೋವಿಗೂ ಹಿಂದೆ ಹಾಗೆ ಹಚ್ಚಿದ್ದರೆ, ಬೋಲ್ಟನ್ನು ಒಮ್ಮೆ ರಿಪೇರಿಯವರಿಂದ ಪೂರ್ತಿ ಬಿಚ್ಚಿಸಿ, ಸೀಮೆಎಣ್ಣೆಯಲ್ಲಿ ತೊಳೆಸಿ, ಒಣಗಿಸಿ ಜೋಡಿಸಿಕೊಳ್ಳಿ.