ಘಾಟಿಯಲ್ಲಿ ಕಾರು ಕೆಮ್ಮಿದರೆ ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ

ಪ್ರಶ್ನೆ: ಸರ್, ನಮ್ಮದು ಕುಮಟಾ. ಅಪ್ಪ ಕೊಂಡ 1997ರ ಮಾರುತಿ 800 ಇದೆ, ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬೊರೇಟರ್ ಇರುವ ಗಾಡಿ. ಮಳೆಗಾಲದಲ್ಲಿ ಹೊರಗೆ ತೆಗೆಯುವುದು ಕಡಿಮೆ. ಪ್ಲಗ್ ಕಪ್ಪಾಗಿ ಮೈಲೇಜ್ ಬಿದ್ದಿತ್ತು. ಮೆಕ್ಯಾನಿಕ್ ಪೆಟ್ರೋಲ್ ಪಾಲು ಇಳಿಸಲು ಮಿಕ್ಸ್ಚರ್ ಸ್ಕ್ರೂ ಟೈಟ್ ಮಾಡಿಕೊಟ್ಟರು. ಈಗ ಹೊಗೆ ಇಲ್ಲ, ಹೊನ್ನಾವರದವರೆಗೆ ಆರಾಮಾಗಿ ಹೋಗುತ್ತದೆ. ಆದರೆ ಶಿರಸಿಗೆ ಹೊರಟರೆ ದೇವಿಮನೆ ಘಾಟಿ ಅರ್ಧ ಹತ್ತುವಷ್ಟರಲ್ಲಿ ಬಾನೆಟ್ ಒಳಗೆ ಟಪ್ ಟಪ್ ಅನ್ನುತ್ತದೆ, ಪಿಕಪ್ ಇರುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಅದಕ್ಕೇ ಹೀಗೆ ಅನ್ನುತ್ತಾರೆ. ಗಾಳಿ-ಪೆಟ್ರೋಲ್ ಅಳತೆ ಎಷ್ಟಕ್ಕೆ ಸೆಟ್ ಮಾಡಿಸಬೇಕು?

ಉತ್ತರ: ಮೊದಲು ಆ ಸ್ಕ್ರೂವನ್ನು ಅದರ ಪಾಡಿಗೆ ಬಿಡಿ. ಅದು ಕೆಲಸ ಮಾಡುವುದು ಐಡ್ಲಿಂಗ್‌ನಲ್ಲಿ ಮತ್ತು ಎಕ್ಸಲೇಟರ್ ಸ್ವಲ್ಪ ಒತ್ತಿದಾಗ ಮಾತ್ರ. ಘಾಟಿಯಲ್ಲಿ ಪೆಡಲ್ ಮುಕ್ಕಾಲು ಒತ್ತಿದ್ದೀರಿ ಅಂದರೆ ಪೆಟ್ರೋಲ್ ಬರುತ್ತಿರುವುದು ಮೇನ್ ಜೆಟ್‌ನಿಂದ, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡಿನಿಂದ. ಆಗ ಸ್ಕ್ರೂ ಎತ್ತ ತಿರುಗಿಸಿದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ.

ಇನ್ನು ಅಳತೆ. 14.7 ಅನ್ನುವ ಅಂಕಿ ನೀವೂ ಕೇಳಿರುತ್ತೀರಿ, ಅಲ್ವಾ? ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು ಅಂತ ಅರ್ಥ, ಅಷ್ಟೇ. ಎಲ್ಲ ಹೊತ್ತಿಗೂ ಅದೇ ಇರಬೇಕು ಅಂತಲ್ಲ. ಗೋಕರ್ಣದ ಕಡೆ ಸಮತಟ್ಟು ರಸ್ತೆಯಲ್ಲಿ ಹಗುರಾಗಿ ಓಡಿಸುವಾಗ 15ರ ಮೇಲೆ ಹೋದರೂ ನಡೆಯುತ್ತದೆ, ಮೈಲೇಜ್ ಸಿಗುತ್ತದೆ. ಘಾಟಿಯಲ್ಲಿ ನಾಲ್ಕು ಜನ ಕೂತು ಎರಡನೇ ಗೇರ್‌ನಲ್ಲಿ ಎಳೆಯುವಾಗ 12.5ರಿಂದ 13 ಬೇಕು, ಅಂದರೆ ಪೆಟ್ರೋಲ್ ಜಾಸ್ತಿ. ಆ ಹೆಚ್ಚಿನ ಪೆಟ್ರೋಲ್ ಶಕ್ತಿಗೂ ಬೇಕು, ಸಿಲಿಂಡರ್ ಒಳಗಿನ ಬಿಸಿ ಮಿತಿ ಮೀರದ ಹಾಗೆ ನೋಡಿಕೊಳ್ಳಲೂ ಬೇಕು. ಹಾಗಾಗಿ 'ಎಷ್ಟಕ್ಕೆ ಸೆಟ್ ಮಾಡಬೇಕು' ಅಂದರೆ ಒಂದೇ ಉತ್ತರ ಇಲ್ಲ.

ಎತ್ತರದ ಮಾತು ಉಲ್ಟಾ. ಗಾಳಿ ತೆಳುವಾದರೆ ಕಾರ್ಬೊರೇಟರ್ ಗಾಡಿಯಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಕಡಿಮೆ ಆಗುವುದಿಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಅಷ್ಟು ಎತ್ತರಕ್ಕೆ ಮಿಶ್ರಣ ಬದಲಾಗುವುದು ಶೇ 3ರಷ್ಟು, ಸಾರಿಗೆ ಉಪ್ಪು ಒಂದು ಚಿಟಿಕೆ ಜಾಸ್ತಿ ಬಿದ್ದ ಹಾಗೆ. ಎಂಜಿನ್‌ಗೆ ಅದು ಗೊತ್ತೂ ಆಗುವುದಿಲ್ಲ. ನಿಮ್ಮ ಕಾರು ಕಾರ್ಬೊರೇಟರ್‌ನಿಂದ ಟಪ್ ಟಪ್ ಅಂತ ವಾಪಸ್ ಉಗುಳುತ್ತಿದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಹೊನ್ನಾವರದ ರಸ್ತೆಯಲ್ಲಿ ಅದಕ್ಕೆ ಬೇಕಾಗುವುದೇ ಸ್ವಲ್ಪ, ಅಷ್ಟನ್ನು ಪಂಪ್ ಹೇಗೋ ಕೊಡುತ್ತದೆ. ಘಾಟಿಯಲ್ಲಿ ಕೆಲವು ನಿಮಿಷ ಬಿಡದೆ ಎಳೆದರೆ ಫ್ಲೋಟ್ ಚೇಂಬರ್‌ನಲ್ಲಿ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಇದ್ದದ್ದು ಖಾಲಿಯಾಗುತ್ತದೆ, ಹಿಂದಿನಿಂದ ಬರುವುದು ಸಾಲುವುದಿಲ್ಲ. 'ಅರ್ಧ ಹತ್ತುವಷ್ಟರಲ್ಲಿ' ಅಂತ ಬರೆದಿದ್ದೀರಲ್ಲ, ನನಗೆ ಸುಳಿವು ಸಿಕ್ಕಿದ್ದು ಅಲ್ಲೇ.

ಖಾತ್ರಿ ಮಾಡಿಕೊಳ್ಳಲು ಪ್ಲಗ್ ನೋಡಿ. ಆದರೆ ಮನೆ ಅಂಗಳದಲ್ಲಿ ಅಲ್ಲ. ಅಲ್ಲಿ ಕಾಣುವುದು ಐಡ್ಲಿಂಗ್‌ನ ಬಣ್ಣ. ಕೆಮ್ಮು ಶುರುವಾದ ಮೇಲೆ ಅಗಲ ಜಾಗ ನೋಡಿ ಬದಿಗೆ ಹಾಕಿ, ನಿಂತ ಕೂಡಲೇ ಎಂಜಿನ್ ಆಫ್ ಮಾಡಿ. ಓಡುತ್ತಿರುವಾಗ ಕೀ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಅರ್ಧ ಗಂಟೆ ಆರಲು ಬಿಡಿ. ಹೆಡ್ ಅಲ್ಯೂಮಿನಿಯಂನದು, ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ತ್ರೆಡ್ ಹೋಗುತ್ತದೆ. ನಡುವಿನ ಪಿಂಗಾಣಿ ಒಣಗಿದ ಅಡಿಕೆ ಸಿಪ್ಪೆಯ ಬಣ್ಣದಲ್ಲಿ ಇದ್ದರೆ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಕಡಿಮೆ. ಮೂರು ಸಿಲಿಂಡರ್‌ನ ಪ್ಲಗ್ಗೂ ಬೆಳ್ಳಗಿದ್ದರೆ ಪೆಟ್ರೋಲ್ ಬರುವ ದಾರಿಯಲ್ಲೇ ತೊಂದರೆ.

ಹಾಗಿದ್ದರೆ ಟ್ಯಾಂಕ್ ಕಡೆಯಿಂದ ಬನ್ನಿ. ಮೊದಲು ಪೆಟ್ರೋಲ್ ಫಿಲ್ಟರ್ ಬದಲಿಸಿ, ಅದು ದೊಡ್ಡ ಖರ್ಚಲ್ಲ. ಆಮೇಲೆ ರಬ್ಬರ್ ಪೈಪು. ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್, ಹಳೇ ರಬ್ಬರ್ ಅದಕ್ಕೆ ಮೆತ್ತಗಾಗಿ ಒಳಗೇ ಪುಡಿ ಬಿಡುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿ ಅಂದರೆ ಕೇಳಬೇಕಾ, ಫ್ಲೋಟ್ ಚೇಂಬರ್ ತಳದಲ್ಲಿ ನೀರು, ಅದರ ಮೇಲೆ ಹಸಿರು-ಬಿಳಿ ಕಿಟ್ಟ. ಆಮೇಲೆ ಪಂಪ್, ಫ್ಲೋಟ್ ಮಟ್ಟ, ಕೊನೆಗೆ ಜೆಟ್.

ಜೆಟ್ ವಿಷಯದಲ್ಲಿ ಒಂದು ಮಾತು. ಕಟ್ಟಿದ ಜೆಟ್‌ಗೆ ಗುಂಡುಸೂಜಿ ಹಾಕಿ ತಿರುವಿದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ, ಚಿಕ್ಕವನಿದ್ದಾಗ ನಾನೂ ಮಾಡಿ ಬೈಸಿಕೊಂಡಿದ್ದೇನೆ. ಜೆಟ್ ಹಿತ್ತಾಳೆಯದು, ಸೂಜಿ ಉಕ್ಕಿನದು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗಾಡಿ ಜನ್ಮಪೂರ್ತಿ ಹೊಗೆ ಬಿಡುತ್ತದೆ. ಕ್ಲೀನರ್ ಹಾಕಿ ನೆನೆಸಿ, ಗಾಳಿ ಹೊಡೆಸಿ. ಅಷ್ಟು ಸಾಕು.

ಇದೆಲ್ಲ ಆದ ಮೇಲೂ ಪ್ಲಗ್ ಬೆಳ್ಳಗೇ ಇದ್ದರೆ ಆಗ ಮಾತ್ರ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸುವ ಯೋಚನೆ ಮಾಡಿ. ಅದಕ್ಕೂ ಕಾರಣ ಇದೆ. ಶೇ 20 ಎಥನಾಲ್ ಇದ್ದರೆ ಆ 14.7 ಸುಮಾರು 13.5ಕ್ಕೆ ಇಳಿಯುತ್ತದೆ, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. 1997ರ ಜೆಟ್‌ಗೆ ಈ ಲೆಕ್ಕ ಎಲ್ಲಿ ಗೊತ್ತು?

ಮೊದಲು ಪ್ಲಗ್ ಕಪ್ಪಾಗಿದ್ದು ಯಾಕೆ ಅಂದರೆ, ನನ್ನ ಅನುಮಾನ ಚೋಕ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಗಾಳಿ ತಡೆಯುವ ಮುಚ್ಚಳ) ಅಥವಾ ಏರ್ ಫಿಲ್ಟರ್ ಮೇಲೆ. ಚೋಕ್ ಪೂರ್ತಿ ತೆರೆಯುತ್ತದೋ ಇಲ್ಲವೋ ಕಣ್ಣಲ್ಲೇ ನೋಡಬಹುದು. ಅದು ಸರಿಯಾದ ಮೇಲೆ ಸ್ಕ್ರೂ ಮುಟ್ಟಿ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಏರ್ ಫಿಲ್ಟರ್ ಹಾಕಿಯೇ ಇರಲಿ, ಲೈಟ್ ಆಫ್. ನಿಧಾನ ಒಳಗೆ ತಿರುಗಿಸುತ್ತ ಹೋದರೆ ಒಂದು ಕಡೆ ಎಂಜಿನ್ ನಡುಗುತ್ತದೆ, ಹೊರಗೆ ಬಂದರೆ ಇನ್ನೊಂದು ಕಡೆ ಭಾರವಾಗುತ್ತದೆ. ನಡುವೆ ಶಬ್ದ ಎಲ್ಲಿ ಹಗುರಾಗಿ ಏರುತ್ತದೋ ಅಲ್ಲಿ ನಿಲ್ಲಿಸಿ, ಐಡ್ಲಿಂಗ್ ಜಾಸ್ತಿ ಅನಿಸಿದರೆ ಥ್ರಾಟಲ್ ಸ್ಕ್ರೂನಲ್ಲಿ ಇಳಿಸಿ. ಎಮಿಷನ್ ಟೆಸ್ಟ್ ಮಾಡುವಲ್ಲಿ ನಿಲ್ಲಿಸಿಕೊಂಡು ಮಾಡಿಸಿದರೆ ಇನ್ನೂ ಒಳ್ಳೆಯದು, ಕಿವಿಗೆ ಸಿಗದ್ದು ಯಂತ್ರಕ್ಕೆ ಸಿಗುತ್ತದೆ.

ಪ್ರಶ್ನೆ: ಕಾರವಾರದಿಂದ ಬರೆಯುತ್ತಿದ್ದೇನೆ. ನನ್ನದು ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಕಾರು. ಚೆಕ್ ಎಂಜಿನ್ ಲೈಟ್ ಬಂತು, ಸ್ಕ್ಯಾನರ್‌ನಲ್ಲಿ 'ಲೀನ್' ಅಂತ ತೋರಿಸುತ್ತಿದೆ. ಆಕ್ಸಿಜನ್ ಸೆನ್ಸರ್ ಹಾಕಿ, ರೀಮ್ಯಾಪ್ (ಕಾರಿನ ಕಂಪ್ಯೂಟರ್‌ನ ಪೆಟ್ರೋಲ್ ಲೆಕ್ಕ ಬದಲಿಸುವುದು) ಮಾಡಿಸಿ ಅನ್ನುತ್ತಿದ್ದಾರೆ. ಮಾಡಿಸಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಪೆಟ್ರೋಲ್ ಕಡಿಮೆ ಇದೆ ಅಂತ ಸೆನ್ಸರ್ ಹೇಳಿದರೆ ಮೊದಲು ಅದರ ಮಾತು ನಂಬಿ ನೋಡಿ. ಅದೇ ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಅಂತ ಒಂದು ಸಾಲು ಬರುತ್ತದೆ, ಕಂಪ್ಯೂಟರ್ ತಾನಾಗಿ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಅನ್ನುವ ಲೆಕ್ಕ ಅದು. ಐಡ್ಲಿಂಗ್‌ನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಒಮ್ಮೆ ನೋಡಿ ಬರೆದಿಡಿ. ಐಡ್ಲಿಂಗ್‌ನಲ್ಲಿ ಪ್ಲಸ್ ಶೇ 18, ಮೇಲೆ ಹೋದಾಗ ಪ್ಲಸ್ ಶೇ 4 ಬಂದರೆ ಎಲ್ಲೋ ಪೈಪ್ ಬಿರುಕು ಬಿಟ್ಟು ಕಳ್ಳಗಾಳಿ ಒಳಗೆ ಹೋಗುತ್ತಿದೆ. ಕೆಳಗೆ ಸರಿ ಇದ್ದು ಮೇಲೆ ಹೋದಂತೆ ಏರಿದರೆ ಫಿಲ್ಟರ್ ಅಥವಾ ಪಂಪ್ ಸೋತಿದೆ. ಆ ಎರಡು ಅಂಕಿ ಬರೆದುಕೊಂಡು ಗ್ಯಾರೇಜ್‌ಗೆ ಹೋಗಿ, ಚೀಟಿ ಅವರ ಕೈಗೆ ಕೊಟ್ಟು ಆಮೇಲೆ ಮಾತಾಡಿ.