ಐದು ಸುರಂಗಗಳನ್ನು ನಾವು ಒಂದೇ ಸಾಲಿನಲ್ಲಿ ಮುಗಿಸಿದ್ದೆವು

ಬ್ಯಾಡಗಿ ಹತ್ತಿರದ ಹಳ್ಳಿಯೊಂದರಿಂದ ಓದುಗರೊಬ್ಬರು ಮಾರ್ಚ್ ಮೊದಲ ವಾರ ಬರೆದ ಪತ್ರ ನಮ್ಮ ಕೈಸೇರಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ನಾನು ಟೇಲರಿಂಗ್ ಮಾಡುತ್ತೇನೆ. ಹೋದ ವರ್ಷ ನಿಮ್ಮ ಪತ್ರಿಕೆಯಲ್ಲಿ ಸುರಂಗ ತೋಡಿ ನೀರು ತಂದ ಅಮೈ ಮಹಾಲಿಂಗ ನಾಯ್ಕರ ಬಗ್ಗೆ ಓದಿದೆ. ಮೈ ಜುಮ್ ಅಂದಿತು. ನಾನೂ ಏನಾದರೂ ಮಾಡಬೇಕು ಅನ್ನಿಸಿ ಶ್ರಾವಣದಲ್ಲಿ ಓಣಿಯ ಹುಡುಗಿಯರಿಗೆ ಸಂಜೆ ಹೊಲಿಗೆ ಕಲಿಸಲು ಶುರು ಮಾಡಿದೆ. ದುಡ್ಡು ತಗೊಳ್ಳುವುದಿಲ್ಲ. ಒಂಬತ್ತು ಜನ ಬರುತ್ತಿದ್ದರು. ಸಂಕ್ರಾಂತಿ ಆದ ಮೇಲೆ ಒಬ್ಬೊಬ್ಬರೇ ಬಿಟ್ಟರು. ಈಗ ಇಬ್ಬರೇ. ಅವರೂ ಕಲಿಯುವುದು ಅಷ್ಟಕ್ಕಷ್ಟೇ. ಹೋಗುವಾಗ ಮಾತ್ರ ದಿನಾ 'ಅಕ್ಕಾರ, ನಾಳಿ ಐತಲ್ರಿ?' ಅಂತ ಕೇಳುತ್ತಾರೆ. ಮನೆಯವರಿಗೆ ಸೊಂಟ ನೋವು, ಕೆಲಸಕ್ಕೆ ಹೋಗಿ ಎಂಟು ತಿಂಗಳಾಯಿತು. ಎಲ್ಲರೂ ರೆಡಿಮೇಡ್ ತಗೊಳ್ಳುತ್ತಾರೆ, ಹೊಲಿಸುವವರು ಕಡಿಮೆ. ಪಾಸಿಟಿವ್ ಆಗಿರು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆಗುತ್ತಿಲ್ಲ. ಹುಡುಗಿಯರ ಮುಂದೆ ಮುಖ ಗಂಟು ಹಾಕಿಕೊಂಡೇ ಕೂತಿರುತ್ತೇನೆ. ಇಂಥವಳು ಇನ್ನೊಬ್ಬರಿಗೆ ಏನು ಸ್ಫೂರ್ತಿ ಕೊಟ್ಟಾಳು? ಕ್ಲಾಸು ನಿಲ್ಲಿಸಿಬಿಡಲಾ?"

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆಮೇಲೆ ಹಳೆಯ ಸಂಚಿಕೆ ತೆಗೆದು ನೀವು ಹೇಳಿದ ಲೇಖನ ಹುಡುಕಿದೆ. ಅದನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನೇ. ಅಲ್ಲಿ ಹೀಗಿದೆ: "ಐದು ಸಲ ಸೋತರೂ ಎದೆಗುಂದದೆ ಆರನೆಯ ಸುರಂಗದಲ್ಲಿ ನೀರು ಕಂಡರು."

ಒಂದೇ ಸಾಲು. ಒಬ್ಬ ಮನುಷ್ಯನ ಬದುಕಿನ ಅಷ್ಟು ವರ್ಷಗಳನ್ನು ನಾವು ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆವು. ಜಾಗ ಉಳಿಸಲು ಹಾಗೆ ಮಾಡಿದೆವು ನಿಜ. ಆದರೆ ಅದರಿಂದ ನಿಮಗೆ ಮೋಸವಾಯಿತು ಅನ್ನಿಸುತ್ತಿದೆ. ಇನ್ನೊಬ್ಬರ ಸೋಲಿನ ದಿನಗಳು ಓದುವಾಗ ಒಂದು ಕ್ಷಣದಲ್ಲಿ ಕಳೆದುಹೋದವು. ನಿಮ್ಮವು ಮಾತ್ರ ಸಂಕ್ರಾಂತಿಯಿಂದ ಎಳೆಯುತ್ತಲೇ ಇವೆ. ನನ್ನಲ್ಲೇ ಏನೋ ಕೊರತೆ ಅಂತ ನಿಮಗೆ ಅನ್ನಿಸಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ. ಆ ಒಂದು ಸಾಲನ್ನು ಈಗ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಹತ್ತಿರ ನಾಯ್ಕರ ಜಾಗ. ಅವರು ಅಡಿಕೆ ತೋಟಗಳಲ್ಲಿ ಕೂಲಿ ಮಾಡುತ್ತಿದ್ದವರು. ಮರ ಹತ್ತುವುದರಲ್ಲಿ ಪಳಗಿದ ಕೈ. ತೋಟದ ಯಜಮಾನರು ಎರಡು ಎಕರೆಯಷ್ಟು ಜಾಗ ಕೊಟ್ಟರು. ಕೊಟ್ಟಿದ್ದು ಗುಡ್ಡದ ಇಳಿಜಾರು. ಮುಳಿಹುಲ್ಲು ಬಿಟ್ಟರೆ ಏನೂ ಇಲ್ಲ. ಹನಿ ನೀರಿಲ್ಲ. ಬಾವಿ ತೋಡಲು ಕೈಯಲ್ಲಿ ಕಾಸಿಲ್ಲ.

ನಿಮ್ಮ ಕಡೆ ಸುರಂಗ ನೋಡಿರಲಿಕ್ಕಿಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಮಳೆನೀರು ಅದರೊಳಗೆ ಇಳಿದು ಒಳಗಡೆ ನಿಲ್ಲುತ್ತದೆ. ಬಾವಿಯನ್ನು ಕೆಳಕ್ಕೆ ತೋಡುತ್ತೇವೆ ಅಲ್ವಾ, ಸುರಂಗವನ್ನು ಗುಡ್ಡದೊಳಕ್ಕೆ ಅಡ್ಡಕ್ಕೆ ಕೊರೆಯುತ್ತಾರೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ, ಎರಡು ಮೂರು ಅಡಿ ಅಗಲ. ಒಳಗಿನಿಂದ ಹೊರಕ್ಕೆ ಚೂರೇ ಚೂರು ಇಳಿಜಾರು ಇಡುತ್ತಾರೆ. ನೀರಿನ ಸೆಲೆ ಸಿಕ್ಕಿದರೆ ಅದು ತಾನಾಗಿ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಿಯಲ್ಲಿ ಮಣ್ಣಿನದೊಂದು ಸಣ್ಣ ಕೆರೆ ಮಾಡಿ ತುಂಬಿಸಿಕೊಂಡರಾಯಿತು.

ನಾನು ಅಂಥದೊಂದು ಸುರಂಗದೊಳಗೆ ಹೋಗಿದ್ದೇನೆ, ಪರಿಚಯದವರ ತೋಟದಲ್ಲಿ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಹೊರಗಿನ ಸದ್ದೆಲ್ಲ ನಿಂತುಹೋಯಿತು. ಹಿಂದೆ ತಿರುಗಿದರೆ ಬಾಗಿಲು ತಟ್ಟೆಯಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಮುಂದೆ ಕಪ್ಪು. ಇಂಥ ಕಡೆ ಸುತ್ತಿಗೆ, ಹಾರೆ ಬೀಸಲು ಕೈ ಚಾಚುವಷ್ಟೂ ಜಾಗ ಇರುವುದಿಲ್ಲ. ಒಂದು ಗೇಣು ಕಡಿಯಬೇಕು, ಆ ಮಣ್ಣನ್ನು ಬುಟ್ಟಿಗೆ ತುಂಬಿ ಹೊರಗೆ ಸುರಿಯಬೇಕು, ಮತ್ತೆ ಒಳಗೆ ಹೋಗಬೇಕು. ಉರಿಯುವ ದೀಪ ಮಂಕಾದರೆ ಗಾಳಿ ಕಮ್ಮಿಯಾಯಿತು ಎಂದು ಹೊರಗೆ ಬರಬೇಕು. ನನಗಂತೂ ಐದು ನಿಮಿಷದಲ್ಲಿ ಎದೆ ಬಿಗಿಯಿತು.

ನಾಯ್ಕರು ಹಗಲಿಡೀ ಬೇರೆಯವರ ತೋಟದಲ್ಲಿ ದುಡಿದು, ಸಂಜೆ ಬಂದು ಇದನ್ನು ಮಾಡಿದರು. ಒಬ್ಬರೇ. ಕತ್ತಲಾದರೆ ದೀಪ ಇಟ್ಟುಕೊಂಡು. ಒಂದು ಸುರಂಗದಲ್ಲಿ ನೀರು ಬರಲಿಲ್ಲ. ಇನ್ನೊಂದು ಶುರು ಮಾಡಿದರು. ಅದರಲ್ಲೂ ಬರಲಿಲ್ಲ. ಹೀಗೆ ಐದು, ವರ್ಷಗಟ್ಟಲೆ. ಊರಿನವರು ಸುಮ್ನೆ ಮೈ ನೋಯಿಸಿಕೊಳ್ಳುತ್ತಿದ್ದಾನೆ ಎಂದು ನಕ್ಕರು. ಆರನೆಯದರಲ್ಲಿ ನೀರು ಬಂತು. ಆಮೇಲೆ ಆ ಬೋಳು ಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ ಎದ್ದವು. 2022ರಲ್ಲಿ ಪದ್ಮಶ್ರೀ ಬಂತು.

ಮೂರನೆಯ ಸುರಂಗದ ಮುಂದೆ ಅವರು ನಿಂತಿದ್ದ ಒಂದು ಸಂಜೆಯನ್ನು ನೆನೆಸಿಕೊಳ್ಳಿ. ಎರಡು ಸೋತಿವೆ. ಇದೂ ಸೋಲುತ್ತದೆ ಎಂದು ಗೊತ್ತಿಲ್ಲ. ಆರನೆಯದು ಎಂಬುದೊಂದು ಇದೆ ಅಂತಲೂ ಗೊತ್ತಿಲ್ಲ. ಆವತ್ತು ಅವರನ್ನು ನೋಡಿದವರಿಗೆ ಸಾಧಕ ಕಂಡಿರಲಾರ. ಬೆವತ, ಮೈಯೆಲ್ಲ ಕೆಂಪು ಮಣ್ಣಾದ, ಬಹುಶಃ ನಿಮ್ಮ ಹಾಗೆಯೇ ಮುಖ ಗಂಟು ಹಾಕಿಕೊಂಡ ಒಬ್ಬ ಕೂಲಿಯಾಳು ಕಂಡಿರಬೇಕು. ನೀವೀಗ ಇರುವುದು ಆ ಜಾಗದಲ್ಲಿ ಎಂದು ನನಗೆ ಅನ್ನಿಸುತ್ತದೆ.

ಮುಖದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪಾಸಿಟಿವ್ ಅಂದರೆ ಸದಾ ನಗುತ್ತಿರುವುದು ಅಂತ ಯಾರು ಕಲಿಸಿದರೋ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ನಮಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು ನಕ್ಕಿದ್ದನ್ನು ನಾನು ನೋಡಿಲ್ಲ. ಅವರ ಮನೆಯ ಕಷ್ಟ ಏನಿತ್ತು ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆದರೆ ಪರೀಕ್ಷೆ ಹತ್ತಿರ ಬಂದಾಗ ಬೆಳಗ್ಗೆ ಆರು ಗಂಟೆಗೆ ಬಂದು ಶಾಲೆಯ ಬೀಗ ತೆಗೆಯುತ್ತಿದ್ದರು. ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಬೋರ್ಡಿನ ಮೇಲೆ ಅದೇ ಲೆಕ್ಕವನ್ನು ನಾಲ್ಕನೆಯ ಸಲ ಬಿಡಿಸುತ್ತಿದ್ದರು. ನನಗೆ ಧೈರ್ಯ ಬೇಕಾದಾಗ ಇವತ್ತಿಗೂ ನೆನಪಾಗುವುದು ಆ ಬೀಗ ತೆಗೆಯುವ ಸದ್ದು. ಅವರ ಮುಖ ಹೇಗಿತ್ತು ಎಂಬುದು ನನಗೆ ಯಾವತ್ತೂ ಮುಖ್ಯವಾಗಲಿಲ್ಲ.

ಮನೆಯಲ್ಲಿ ಒಬ್ಬರು ನೋವಿನಿಂದ ಮಲಗಿದ್ದಾಗ ನಿಮಗೆ ನಗು ಬರದಿದ್ದರೆ ಅದು ಸಹಜ. ಸಾಲುಮರದ ತಿಮ್ಮಕ್ಕನನ್ನೇ ನೋಡಿ. ಮಕ್ಕಳಾಗಲಿಲ್ಲ ಎಂಬ ದುಃಖ, ಅದಕ್ಕೆ ಸೇರಿಕೊಂಡು ಜನರ ಚುಚ್ಚುಮಾತು. ಆ ದುಃಖ ಇಟ್ಟುಕೊಂಡೇ ಅವರೂ ಗಂಡ ಚಿಕ್ಕಯ್ಯನೂ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಸಸಿ ನೆಟ್ಟರು. ಮೊದಲ ವರ್ಷ ನೆಟ್ಟಿದ್ದು 10. ಮರುವರ್ಷ 15. ಅದರ ಮುಂದಿನ ವರ್ಷ 20. ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳು ಕಟ್ಟಿದರು. ನಾವೆಲ್ಲ 385 ಮರ ಎನ್ನುತ್ತೇವೆ. ನನಗೆ ಆ ಮೊದಲ ಹತ್ತೇ ಜಾಸ್ತಿ ಇಷ್ಟ. ನಿಮ್ಮ ಒಂಬತ್ತು ಹುಡುಗಿಯರಿಗಿಂತ ಒಂದೇ ಹೆಚ್ಚು, ಅಲ್ವಾ?

ಇನ್ನು ಸ್ಫೂರ್ತಿ ಕೊಡುವ ಮಾತು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರ ವಿಷಯ ನಿಮಗೆ ಗೊತ್ತಿರಬಹುದು. ವಿದೇಶದವರು ಯಾರೋ ಬಂದು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಇವರಿಗೆ ಬರುತ್ತಿದ್ದದ್ದು ತುಳು, ಬ್ಯಾರಿ. ಉತ್ತರ ಹೇಳಲಾಗಲಿಲ್ಲ, ಅವರು ಹೊರಟುಹೋದರು. ಹಾಜಬ್ಬರಿಗೆ ನಾಚಿಕೆಯಾಯಿತು. ತನ್ನೂರು ನ್ಯೂಪಡ್ಪುವಿನ ಮಕ್ಕಳಿಗೆ ಹೀಗಾಗಬಾರದು ಅನ್ನಿಸಿತು. ಊರಿನಲ್ಲಿ ಶಾಲೆಯೇ ಇರಲಿಲ್ಲ. ಹಣ್ಣು ಮಾರಿದ ದುಡ್ಡಿನಲ್ಲಿ ಉಳಿಸಿದರು, ಕಚೇರಿಗಳಿಗೆ ಅಲೆದರು, ದಾನಿಗಳ ಬಾಗಿಲಿಗೆ ಹೋದರು. 2000ದ ಹೊತ್ತಿಗೆ 28 ಮಕ್ಕಳೊಂದಿಗೆ ಮದರಸದ ಜಾಗದಲ್ಲಿ ಶಾಲೆ ಶುರುವಾಯಿತು. ಮುಂದೆ ಅದಕ್ಕೆ ಸ್ವಂತ ಕಟ್ಟಡವಾಯಿತು, ಹೈಸ್ಕೂಲೂ ಆಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿದೆ ಎಂಬ ಸುದ್ದಿ ಬಂದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರಂತೆ. ಮರುವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿಗಳ ಎದುರಿಗೆ ಬರಿಗಾಲಿನಲ್ಲಿ ಹೋಗಿ ಪ್ರಶಸ್ತಿ ತೆಗೆದುಕೊಂಡರು.

ನಾಲ್ಕು ಜನಕ್ಕೆ ಮಾದರಿಯಾಗಬೇಕು ಎಂದು ಅವರು ಹೊರಟವರಲ್ಲ. ಒಂದು ನಾಚಿಕೆ ಚುಚ್ಚಿತು, ಅದು ಕೊನೆಯವರೆಗೂ ಬಿಡಲಿಲ್ಲ. ನಿಮಗೆ ಚುಚ್ಚಿದ್ದೇನು? ಪತ್ರದಲ್ಲಿ ಅದಿಲ್ಲ. ನಮ್ಮ ಲೇಖನ ಓದಿ ಮೈ ಜುಮ್ ಅಂದಿತು ಎಂದಿದ್ದೀರಿ. ಆ ಹುಮ್ಮಸ್ಸು ನಮ್ಮಿಂದ ಸಾಲ ತಂದದ್ದು, ಅದು ಇಷ್ಟು ದಿನ ಬಂದಿದ್ದೇ ದೊಡ್ಡದು. ಆದರೆ ಬೇರೆ ಏನನ್ನೂ ಬಿಟ್ಟು ಹೊಲಿಗೆಯನ್ನೇ, ಅದೂ ಹುಡುಗಿಯರಿಗೇ ಕಲಿಸಬೇಕು ಅನ್ನಿಸಿತಲ್ಲ, ಅದು ನಿಮ್ಮದು. ಅದು ಎಲ್ಲಿಂದ ಬಂತು ಎಂದು ಒಂದು ದಿನ ಮಷೀನಿನ ಮುಂದೆ ಕೂತು ಯೋಚಿಸಿ ನೋಡಿ. ನೀವು ಕಲಿಯುವಾಗ ಯಾರಾದರೂ ಬೇಡ ಎಂದಿದ್ದರೋ, ಅಥವಾ ಯಾರೋ ಕೈ ಹಿಡಿದು ಕಲಿಸಿದ್ದರೋ.

ಈಗ ಬಿಟ್ಟುಹೋದ ಏಳು ಹುಡುಗಿಯರ ವಿಷಯ. ನೀವು ಅದನ್ನು ನಿಮ್ಮ ಮುಖದ ಮೇಲೆ ಹಾಕಿಕೊಂಡಿದ್ದೀರಿ. ನನಗೆ ಬೇರೆ ಸಂಶಯ. ಸಂಕ್ರಾಂತಿ ಆದ ಮೇಲೆ ಬಿಟ್ಟರು ಅಂದಿರಿ. ನಿಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಜೋರಾಗುವುದೇ ಆಗ. ಹೆಂಗಸರು, ಹುಡುಗಿಯರು ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಕಾಲ ಅಲ್ವಾ ಅದು? ದಿನವಿಡೀ ಆ ಘಾಟಿನಲ್ಲಿ ಕೂತು, ಉರಿಯುವ ಬೆರಳಿಟ್ಟುಕೊಂಡು ಸಂಜೆ ಸೂಜಿ ಹಿಡಿಯಲು ಆಗುತ್ತದೆಯೇ? ನನ್ನ ಊಹೆ ತಪ್ಪಿರಬಹುದು. ಒಮ್ಮೆ ಅವರ ಮನೆಗಳಿಗೆ ಹೋಗಿ ಕೇಳಿ. ಕೆಲಸವೇ ಕಾರಣವಾಗಿದ್ದರೆ ಮೇ ಮುಗಿಯುವ ತನಕ ಕ್ಲಾಸನ್ನು ಅವರಿಗೆ ರಜೆಯಿರುವ ದಿನಕ್ಕೆ ಬದಲಿಸಿ. ವಾರಕ್ಕೆ ಒಂದೇ ದಿನ ಸಾಕು. ನಿಮಗೂ ಅಷ್ಟು ಬಿಡುವು ಬೇಕು.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಮನೆಯ ಸ್ಥಿತಿ ಹೀಗಿರುವಾಗ ಎಲ್ಲವನ್ನೂ ಪುಕ್ಕಟೆ ಮಾಡಬೇಕಿಲ್ಲ. ರೆಡಿಮೇಡ್ ಬಂದು ಚೂಡಿದಾರ್ ಹೊಲಿಸುವವರು ಕಡಿಮೆಯಾಗಿರಬಹುದು. ಆದರೆ ಸೀರೆಗೆ ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು, ಬ್ಲೌಸಿಗೆ ಹುಕ್ಕು ಹಾಕುವುದು, ಹಳೆಯ ಬ್ಲೌಸು ಬಿಡಿಸಿ ಅಳತೆಗೆ ತರುವುದು, ಇವು ರೆಡಿಮೇಡ್ ಸಿಗುವುದಿಲ್ಲ. ಮುಂದೆ ಮದುವೆಗಳ ಕಾಲ. ಆ ಇಬ್ಬರಿಗೆ ಮೊದಲು ಕುಚ್ಚು ಕಲಿಸಿ. ಅದಕ್ಕೆ ಮಷೀನೂ ಬೇಡ, ಮನೆಗೆ ಒಯ್ದು ಮಾಡಬಹುದು. ಆರ್ಡರ್ ನೀವು ಹಿಡಿಯಿರಿ, ಕೂಲಿಯಲ್ಲಿ ಪಾಲು ಮಾಡಿಕೊಳ್ಳಿ. ಕಲಿಯುವುದು ಅಷ್ಟಕ್ಕಷ್ಟೇ ಅಂದಿರಲ್ಲ, ಸ್ವಂತ ಕೈಯಿಂದ ನೂರು ರೂಪಾಯಿ ಬಂದ ದಿನ ಅವರ ಕೈ ಬೇರೆ ಥರ ಓಡುತ್ತದೆ.

ಕ್ಲಾಸು ನಿಲ್ಲಿಸಿಬಿಡಲಾ ಎಂದು ಕೇಳಿದ್ದೀರಿ. ನಿಮಗೆ ಮೈಯಲ್ಲಿ ಆಗದಿದ್ದರೆ ನಿಲ್ಲಿಸಿ, ಅದರಲ್ಲಿ ಯಾವ ಅವಮಾನವೂ ಇಲ್ಲ. ಆದರೆ ಸ್ಫೂರ್ತಿ ಕೊಡಲಾಗುತ್ತಿಲ್ಲ ಎಂಬ ಕಾರಣಕ್ಕೆ ನಿಲ್ಲಿಸುವುದಾದರೆ, ನಿಮ್ಮ ಪತ್ರದ ಒಂದು ಸಾಲನ್ನೇ ನಿಮಗೆ ವಾಪಸ್ ಓದಿ ಹೇಳುತ್ತೇನೆ. ನೀವು ಅದನ್ನು ಹಾಗೇ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. "ಅಕ್ಕಾರ, ನಾಳಿ ಐತಲ್ರಿ?" ದಿನಾ ಕೇಳುತ್ತಾರೆ ಎಂದಿದ್ದೀರಿ. ಬೇಸರದಿಂದ ಬರುವವರು ಹಾಗೆ ಕೇಳುವುದಿಲ್ಲ, ಸೋದರಿ. ನಾಳೆ ಇಲ್ಲ ಎಂದುಬಿಟ್ಟರೆ ಎಂಬ ಅಂಜಿಕೆ ಇದ್ದವರು ಕೇಳುತ್ತಾರೆ.

ನಮ್ಮ ಕಡೆಯಿಂದಲೂ ಒಂದು ಬದಲಾವಣೆ ಮಾಡುತ್ತಿದ್ದೇವೆ. ಮುಂದಿನ ಸಂಚಿಕೆಯಿಂದ ಸಾಧಕರ ಪುಟದಲ್ಲಿ ಪ್ರಶಸ್ತಿಯ ಫೋಟೋ ಚಿಕ್ಕದಾಗುತ್ತದೆ, ಏನೂ ಆಗದಿದ್ದ ವರ್ಷಗಳಿಗೆ ಜಾಸ್ತಿ ಜಾಗ ಸಿಗುತ್ತದೆ. ಆ ಏಳು ಮನೆಗಳಿಗೆ ಹೋಗಿ ಬಂದ ಮೇಲೆ ಅವರು ಏನೆಂದರು ಎಂದು ನನಗೆ ಬರೆಯಿರಿ. ಮನೆಯವರ ಸೊಂಟ ಹೇಗಿದೆ ಎಂದೂ ಬರೆಯಿರಿ.

ಇಂತಿ,
ಸಂಪಾದಕ